ನಿಧಾನಕ್ಕೆ ಚಾರ್ಜ್ ಆಗುತ್ತಿದೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ ಜವಳಿ ಅಂಗಡಿಯ ಹಳದಿ ಚೀಲವೊಂದನ್ನು ನೇತುಹಾಕಿದ್ದೇನೆ. ಮೊನ್ನೆ ಹುಣಸೆಹಣ್ಣು ಅದರಲ್ಲಿರಬಹುದೆಂದು ಕೈ ಹಾಕಿದೆ. ಕೈಗೆ ಸಿಕ್ಕಿದ್ದು ವೈರುಗಳು. ಕಪ್ಪು, ಬಿಳಿ, ಕೆಂಪು ನೂಲು ಸುತ್ತಿದ್ದು, ತುದಿ ಮುರಿದಿದ್ದು, ತುದಿ ಚೆನ್ನಾಗಿದ್ದರೂ ಯಾವುದಕ್ಕೂ ಸೇರದಿದ್ದು. ಒಂದನ್ನು ಎಳೆದರೆ ಪಾತ್ರೆಯಿಂದ ಶಾವಿಗೆ ಎತ್ತಿದ ಹಾಗೆ ಎಲ್ಲವೂ ಒಟ್ಟಿಗೆ ಬಂದವು. ತಳದಲ್ಲಿ ಚಾರ್ಜರುಗಳು ಬೆಲ್ಲದ ಅಚ್ಚುಗಳ ಹಾಗೆ ಕೂತಿದ್ದವು. ಹುಣಸೆಹಣ್ಣು ಮರೆತೇ ಹೋಯಿತು. ಅಲ್ಲೇ ನೆಲದ ಮೇಲೆ ಕೂತು ಬಿಡಿಸತೊಡಗಿದೆ.

ಇವುಗಳಲ್ಲಿ ಹೆಚ್ಚಿನವನ್ನು ತಂದವಳು ನಾನೇ. ಒಂದು ಫೋನಿಗೆ ಇಷ್ಟು ಯಾಕೆ ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳಿದ್ದಾರೆ. ಉತ್ತರ ಹೇಳಬೇಕಾದರೆ ನಮ್ಮ ಅತ್ತೆಯ ಕಾಲು ಮುರಿದಲ್ಲಿಂದ ಶುರುಮಾಡಬೇಕು.

ಅದಕ್ಕೂ ಮುಂಚೆ ಒಂದೆರಡು ಮಾತು. ನಾನು ಹನೂರಿನ ಕಡೆಯವಳು. ಬೆಟ್ಟದ ಆಚೆ ಕನ್ನಡ ಶಾಲೆಯಲ್ಲಿ ಓದಿ, ಬೆಟ್ಟದ ಈಚೆ ತಮಿಳುನಾಡಿನ ನಂಗವಳ್ಳಿಗೆ ಮದುವೆಯಾಗಿ ಬಂದವಳು. ಇಲ್ಲಿ ನಮ್ಮವರೆಲ್ಲ ಮನೆಯೊಳಗೆ ಆಡುವುದು ಕನ್ನಡವೇ. ಆದರೆ ಹೊಸಿಲು ದಾಟಿದರೆ ತಮಿಳು. ಬಸ್ಸಿನ ಬೋರ್ಡು ತಮಿಳು, ರೇಷನ್ ಅಂಗಡಿ ತಮಿಳು. ನನ್ನ ಗಂಡನಿಗೆ ಕನ್ನಡ ಅಕ್ಷರ ಬಾರದು. ನನಗೆ ತಮಿಳು ಅಕ್ಷರ ಅರ್ಧಂಬರ್ಧ. ಇಂಗ್ಲಿಷು ಇಬ್ಬರಿಗೂ ಒಂದೇ ಸಮ ಕಷ್ಟ. ಹಾಗಾಗಿ ಯಾರಿಗೂ ಅನ್ಯಾಯವಾಗಬಾರದೆಂದು ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದೇವೆ.

ಫೋನ್ ಎಂದರೆ ಮನೆಗೆಲ್ಲ ಒಂದು. ಮುಖ ಕಾಣುವ ಫೋನ್ ಅದೊಂದೇ. ನನ್ನ ಬಳಿ ಇರುವುದು ಗುಂಡಿ ಒತ್ತುವ ಹಳೆಯದು. ದೊಡ್ಡ ಫೋನನ್ನು ಕೊಂಡದ್ದು ನನಗೆಂದೇ. ಆದರೆ ಅದು ಮನೆಗೆ ಬಂದ ವಾರದೊಳಗೆ ಗಂಡನ ಸೊಂಟಕ್ಕೆ ಹೋಯಿತು. ಅವರು ಕುರಿ ಸಾಕುವವರು. ಫಸಲು ಎತ್ತಿದ ಮೇಲೆ ಹೊಲದವರು ಗೊಬ್ಬರಕ್ಕೆಂದು ಕರೆಯುತ್ತಾರೆ. ರಾತ್ರಿ ಅವರ ಹೊಲದಲ್ಲಿ ಮಂದೆ ನಿಲ್ಲಿಸಿ ಇವರು ಕಾವಲು ಮಲಗುತ್ತಾರೆ. ಬೆಳಿಗ್ಗೆ ಊಟಕ್ಕೆ ಮನೆಗೆ ಬಂದು, ಬುತ್ತಿ ಕಟ್ಟಿಸಿಕೊಂಡು ಮತ್ತೆ ಹೊರಡುತ್ತಾರೆ. ರಾತ್ರಿಯೆಲ್ಲ ಟಾರ್ಚು, ಹಾಡು, ಇನ್ನು ಏನೇನೋ ನೋಡಿ ಫೋನನ್ನು ಹಿಂಡಿ ಹಿಪ್ಪೆ ಮಾಡಿರುತ್ತಾರೆ.

"ರಾತ್ರಿಗೆ ಗುಂಡಿ ಫೋನ್ ತಗೊಂಡು ಹೋಗಿ, ಇದನ್ನ ಮನೇಲಿ ಬಿಡಿ" ಎಂದು ಒಮ್ಮೆ ಹೇಳಿ ನೋಡಿದೆ.

"ಅದ್ರ ಟಾರ್ಚಾ? ಮಿಣುಕುಳ ಇದ್ದಂಗೈತೆ. ನರಿ ಬಂದು ಮರಿ ಎತ್ಕಂಡು ಓದ್ರೆ, ಅದ್ರ ಬೆಳಕ್ನಾಗೆ ನರಿಗೆ ದಾರಿ ಕಾಣ್ತದೆ, ಅಷ್ಟೇ" ಎಂದರು.

ದೊಡ್ಡ ಫೋನು ಮತ್ತೆ ಅವರ ಸೊಂಟಕ್ಕೇ ಹೋಯಿತು.

ಈಗ ಅತ್ತೆಯ ಕಾಲು. ಕೆಂಪಮ್ಮ ಎಂದು ಅವರ ಹೆಸರು. ದೊಡ್ಡಿಯಲ್ಲಿ ಮರಿಯೊಂದನ್ನು ಹಿಡಿಯಲು ಹೋಗಿ ಜಾರಿ ಬಿದ್ದರು. ಸೇಲಂನ ಮೂಳೆ ಡಾಕ್ಟರು ಪಾದದಿಂದ ಮೊಳಕಾಲಿನವರೆಗೆ ಬಿಳಿ ಪ್ಲಾಸ್ಟರ್ ಪಟ್ಟಿ ಹಾಕಿ, ಊರಿಗೆ ಹೋಗುವುದಿರಲಿ, ಕಾಲನ್ನೇ ನೆಲಕ್ಕೆ ಊರಬಾರದು ಎಂದರು. ಇಲ್ಲಿಯವರು ಅದನ್ನು ಮಾವುಕಟ್ಟು ಎನ್ನುತ್ತಾರೆ. ಅತ್ತೆ ಅದಕ್ಕೆ ಇಡೀ ದಿನ ಬೈಯುತ್ತಿದ್ದರು. ಬೈಯಲು ಕಾರಣವೂ ಇತ್ತು. ಅವರು ಬಿದ್ದ ಸ್ವಲ್ಪ ದಿನಕ್ಕೇ ಪೆನ್ನಾಗರದ ಕಡೆಯ ಹಳ್ಳಿಯಲ್ಲಿರುವ ಅವರ ಅಕ್ಕ ಮುನಿಯಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಧರ್ಮಪುರಿಯ ದೊಡ್ಡಾಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬಲಗೈ ಎತ್ತಲಾಗದು, ಮಾತು ಹೋಯಿತು. ಕಿವಿ ಚೆನ್ನಾಗಿ ಕೇಳುತ್ತದೆ, ತಿಳಿವಳಿಕೆಯೂ ಇದೆ, ಬಾಯಿಂದ ಮಾತ್ರ ಏನೂ ಬರುವುದಿಲ್ಲ.

ಇಬ್ಬರೇ ಅಕ್ಕತಂಗಿಯರು. ನಂಗವಳ್ಳಿಯಿಂದ ಅಲ್ಲಿಗೆ ಬಸ್ಸು ಬದಲಿಸಿ ಬದಲಿಸಿ ಹೋದರೂ ಅರ್ಧ ದಿನದ ದಾರಿ. ಆದರೆ ಒಬ್ಬರಿಗೆ ಕಾಲಿಲ್ಲ, ಒಬ್ಬರಿಗೆ ಬಾಯಿಲ್ಲ. ಬರಿಯ ಫೋನ್ ಮಾಡಿದರೆ ಈ ಕಡೆಯಿಂದ ಅತ್ತೆ ಮಾತ್ರ ಮಾತಾಡಬೇಕು. ಆ ಕಡೆ ಉಸಿರು. ಅತ್ತೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಗಾಳೀನೇ ಬತ್ತಾ ಐತೆ ಕಣವ್ವ" ಎಂದು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಮುಖ ನೋಡಿಕೊಂಡು ಮಾತಾಡಿದರೆ ಅಕ್ಕ ಕೈಸನ್ನೆಯಲ್ಲಾದರೂ ಏನಾದರೂ ಹೇಳಿಯಾಳು ಎಂದು ವಿಡಿಯೋ ಕಾಲ್ ಶುರುವಾದದ್ದು ಹಾಗೆ.

ಆ ಕಡೆಯೂ ಮುಖ ಕಾಣುವ ಫೋನು ಒಂದೇ, ಅದು ಮುನಿಯಮ್ಮನ ಸೊಸೆ ಸೆಲ್ವಿಯದು. ಸೆಲ್ವಿ ಬನಿಯನ್ ಕಂಪನಿಗೆ ಹೋಗುವ ಹುಡುಗಿ. ಬೆಳಿಗ್ಗೆ ಕಂಪನಿಯ ವ್ಯಾನು ಬರುತ್ತದೆ, ಫೋನು ಅವಳ ಜೊತೆ ಹೋಗುತ್ತದೆ. ಸಂಜೆ ಅವಳು ಬರುವ ಹೊತ್ತಿಗೆ ನಮ್ಮ ಫೋನು ಕುರಿಗಳ ಹತ್ತಿರ. ಎರಡು ಫೋನುಗಳೂ ಮನೆಯಲ್ಲಿರುವುದು ಬೆಳಗಿನ ಊಟದ ಹೊತ್ತಿನಲ್ಲಿ ಮಾತ್ರ. ನಮ್ಮವರು ಕೈ ತೊಳೆದು ಮುದ್ದೆಗೆ ಕೂತಾಗ ಶುರುವಾಗಿ, ಆ ಕಡೆ ವ್ಯಾನಿನ ಹಾರನ್ ಕೇಳುವವರೆಗೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಫೋನಿನಲ್ಲಿ ಜೀವವೇ ಇರುತ್ತಿರಲಿಲ್ಲ.

ಸರಿ, ಚಾರ್ಜಿಗೆ ಹಾಕಿಕೊಂಡೇ ಮಾತಾಡಿದರಾಯಿತು ಎಂದುಕೊಂಡೆವು. ನಡುಮನೆಯ ಸ್ವಿಚ್ ಬೋರ್ಡಿನ ಕೆಳಗೆ ಅತ್ತೆಯ ಕುರ್ಚಿ ಹಾಕಿ, ಮಾವುಕಟ್ಟಿನ ಕಾಲನ್ನು ಒರಳುಕಲ್ಲಿನ ಮೇಲೆ ಗೋಣಿ ಹಾಸಿ ಚಾಚಿಸಿದೆ. ವೈರು ಗಿಡ್ಡ. ಬೋರ್ಡು ಇರುವುದು ತಲೆಗಿಂತ ಮೇಲೆ. ಅತ್ತೆ ಫೋನನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಮೇಲಾಗಿ ಫೋನಿನ ತೂತಿನೊಳಗೆ ವೈರಿನ ತುದಿ ಸಡಿಲ. ಬೆರಳಲ್ಲಿ ಒತ್ತಿ ಹಿಡಿದರೆ ಮಾತ್ರ ಚಾರ್ಜು. ಗುಂಡುಸೂಜಿಯಿಂದ ಕೆದಕಿದಾಗ ಅದರೊಳಗಿಂದ ಕಂಬಳಿಯ ಉಣ್ಣೆ ಬಂತು. ಆಮೇಲೂ ಸಡಿಲವೇ. ಹಾಗಾಗಿ ನಾನು ಪಕ್ಕದಲ್ಲಿ ನಿಂತು ಒತ್ತಿ ಹಿಡಿಯುವವಳು. ನನ್ನ ಕಣ್ಣೆಲ್ಲ ಫೋನಿನ ಮೇಲಿನ ಮೂಲೆಯ ಅಂಕಿಯ ಮೇಲೆ.

ಆ ಅಂಕಿ ಇಳಿಯುತ್ತಿತ್ತು.

ಇದು ನನಗೆ ಅರ್ಥವಾಗಲಿಲ್ಲ. ಬಿಂದಿಗೆಗೆ ನೀರು ಬೀಳುತ್ತಿದೆ, ಬಿಂದಿಗೆ ಖಾಲಿಯಾಗುತ್ತಿದೆ. ಎಲ್ಲಿಂದ ಸೋರುತ್ತಿದೆ? ಫೋನಿನ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕೂಡಿಸಿ ಓದಿದರೆ, ಚಾರ್ಜಿಂಗ್ ಸ್ಲೋಲಿ ಎಂದಿತ್ತು.

"ಏನಂತೆ ಅದು?" ಎಂದರು ಅತ್ತೆ.

"ನಿಧಾನಕ್ಕೆ ಆಗ್ತಾ ಇದೆಯಂತೆ ಅತ್ತೆ."

"ನಿದಾನುಕ್ಕಾದ್ರೆ ಆಗ್ಲಿ ಬುಡು. ಇಳಿಯಾದ್ಯಾಕೆ?"

ಅಷ್ಟರಲ್ಲಿ ಫೋನು ಕಪ್ಪಾಯಿತು. ಬೋರ್ಡಿನ ಕೆಳಗೆ ನಾವಿಬ್ಬರೂ ಕೈ ಎತ್ತಿಕೊಂಡೇ ಇದ್ದೆವು.

ನನ್ನ ಈ ವಿಷಯದ ಜ್ಞಾನ ಎಲ್ಲಿಂದ ಬಂದದ್ದು ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಕನಿಕರ ಬರಬಹುದು. ಹನೂರಿನ ನಮ್ಮಪ್ಪ ಟಾರ್ಚಿನ ಸೆಲ್ಲು ಸೊರಗಿದರೆ ಬಿಸಿಲಿಗೆ ಇಡುತ್ತಿದ್ದರು. ಅವ್ವ ಸಂಡಿಗೆ ಹಾಕಿದ ಚಾಪೆಯ ಒಂದು ಅಂಚಿನಲ್ಲೇ ಸೆಲ್ಲುಗಳೂ ಒಣಗುತ್ತಿದ್ದವು. ಕಾಗೆ ಓಡಿಸುವ ಕೆಲಸ ನನ್ನದು. ಸಂಡಿಗೆಗೆ ಕಾಗೆ ಬರುತ್ತದೆ ಸರಿ, ಸೆಲ್ಲಿಗೂ ಬಂದೀತೆಂಬ ಭಯದಿಂದ ನಾನು ಅವುಗಳ ಹತ್ತಿರವೇ ಕೂರುತ್ತಿದ್ದೆ. ಕೈಗೆ ಬೆಚ್ಚಗೆ ಆಗುವಷ್ಟು ಕಾಯಿಸಿ ಟಾರ್ಚಿಗೆ ಹಾಕಿದರೆ ಗೋಡೆಯ ಮೇಲೆ ಅರಿಸಿನದ ಬಣ್ಣದ ಒಂದು ಬಟ್ಟಲು ಬೆಳಕು ಬೀಳುತ್ತಿತ್ತು. ಮಧ್ಯಾಹ್ನ ಒಳಗೆ ಹೋದ ಬಿಸಿಲೇ ಸಂಜೆ ಹೊರಗೆ ಬರುತ್ತಿದೆ ಎಂದು ನಂಬಿದ್ದೆ. ಅಪ್ಪ ಅದನ್ನು ಅಲ್ಲಗಳೆಯಲಿಲ್ಲ. ಚಾರ್ಜ್ ಎಂದರೇನು ಎಂಬ ನನ್ನ ತಿಳಿವಳಿಕೆ ಇವತ್ತಿಗೂ ಅಲ್ಲಿಂದ ಬಹಳ ದೂರ ಹೋಗಿಲ್ಲ. ನಮ್ಮ ಫೋನಿನ ಅಂಕಿ ಇಳಿಯತೊಡಗಿದಾಗ ಅದನ್ನು ಒಂದು ದಿನ ಅಂಗಳದ ಬಿಸಿಲಿನಲ್ಲಿ ಇಟ್ಟುನೋಡಿದ್ದೂ ಉಂಟು. ಕೆಂಡದ ಹಾಗೆ ಕಾದು, ತಣ್ಣಗಾಗುವವರೆಗೆ ಚಾರ್ಜೇ ತೆಗೆದುಕೊಳ್ಳುವುದಿಲ್ಲ ಎಂದು ಹಟ ಹಿಡಿಯಿತು.

ಈ ನಡುವೆ ಇನ್ನೊಂದು ಗೊಂದಲ ಶುರುವಾಗಿತ್ತು.

ಮೊದಲನೆಯ ಸಲ ಕಾಲ್ ಸೇರಿದ ಕೂಡಲೇ ಮುನಿಯಮ್ಮ ಎಡಗೈ ಎತ್ತಿದರು. ಅಂಗೈಯನ್ನು ಕೆಳಮುಖ ಮಾಡಿ, ಗಾಳಿಯಲ್ಲಿ ಏನನ್ನೋ ತಟ್ಟುವ ಹಾಗೆ ಕೆಳಗೆ ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ಅಷ್ಟರಲ್ಲಿ ಫೋನು ಹೋಯಿತು. ಮಾರನೆಯ ಬೆಳಿಗ್ಗೆಯೂ ಅದೇ ಸನ್ನೆ. ಏನಿರಬಹುದೆಂದು ಮನೆಯಲ್ಲಿ ಮಾತಾಯಿತು. ಕೂತುಕೋ ಅನ್ನುತ್ತಿದ್ದಾರೆ ಎಂದೆ ನಾನು. ಅತ್ತೆ ಕೂತೇ ಇದ್ದಾರಲ್ಲ ಎಂದು ಹೊಳೆದು ಆ ಮಾತು ಕೈಬಿಟ್ಟೆ. ಮೆಲ್ಲಗೆ ಮಾತಾಡು ಅಂತಿರಬೇಕು ಎಂದರು ನನ್ನ ಗಂಡ. ಅತ್ತೆ ಫೋನಿನಲ್ಲಿ ಮಾತಾಡುವುದು ಪೆನ್ನಾಗರಕ್ಕೆ ಫೋನಿಲ್ಲದೆಯೇ ಕೇಳುವ ಹಾಗೆ ಇದ್ದುದರಿಂದ ಅದು ನಿಜವೂ ಇರಬಹುದೆನಿಸಿತು.

ಅತ್ತೆ ನಮ್ಮಿಬ್ಬರ ಮಾತನ್ನೂ ಒಪ್ಪಲಿಲ್ಲ. ಬಹಳ ಹೊತ್ತು ತಮ್ಮದೇ ಅಂಗೈಯನ್ನು ಕೆಳಮುಖ ಮಾಡಿ, ಕುರ್ಚಿಯ ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಹಿಡಿದು ನೋಡುತ್ತಿದ್ದರು. ಆಮೇಲೆ ಹೇಳಿದರು, "ಅಕ್ಕ ಪುಟ್ಟುನ್ನ ಕೇಳ್ತಾವ್ಳೆ."

"ಪುಟ್ಟ ಯಾರು ಅತ್ತೆ?"

"ನಮ್ ತಮ್ಮ. ಇಷ್ಟುದ್ದ ಇದ್ದ."

ಇಷ್ಟು ವರ್ಷ ಈ ಮನೆಯಲ್ಲಿ ಬಾಳಿದ್ದೇನೆ. ಅತ್ತೆಗೆ ತಮ್ಮನೊಬ್ಬನಿದ್ದ ಎಂದು ನನಗೆ ತಿಳಿದದ್ದು ಅವತ್ತು. ನನ್ನ ಗಂಡನಿಗೂ ಅವತ್ತೇ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು, "ನಂಗೊಬ್ಬ ಸೋದ್ರುಮಾವ ಇದ್ನಾ?" ಎಂದರು.

ಇದ್ದ. ಇಬ್ಬರು ಅಕ್ಕಂದಿರು ಸೊಂಟದ ಮೇಲೆ ಎತ್ತಿ ಆಡಿಸಿ ಬೆಳೆಸಿದ್ದರಂತೆ. ತಾಯಿ ಕೂಲಿಗೆ ಹೋದರೆ ಒಬ್ಬಳು ಉಣಿಸುವುದು, ಒಬ್ಬಳು ಮಲಗಿಸುವುದು. ಅವನಿಗೆ ಇಬ್ಬರೂ ಅಕ್ಕನೇ. ದೊಡ್ಡಕ್ಕ, ಚಿಕ್ಕಕ್ಕ ಎನ್ನಲು ಹೇಳಿಕೊಟ್ಟರೂ ಹೇಳುತ್ತಿರಲಿಲ್ಲವಂತೆ. ಕೂಗಿದಾಗಲೆಲ್ಲ ಇಬ್ಬರೂ ಓಡಿಬರಬೇಕು. ಒಂದು ಬೇಸಿಗೆಯಲ್ಲಿ ಜ್ವರ ಬಂತು. ಕೊನೆಯಲ್ಲಿ ಕಣ್ಣು ಬಿಡದೆ, "ಅಕ್ಕ" ಎಂದು ಒಂದೇ ಸಲ ಕರೆದನಂತೆ. ಇಬ್ಬರೂ ಎರಡು ಪಕ್ಕದಲ್ಲಿ ಕೂತಿದ್ದರು.

"ಯಾರ್ನ ಕರ್ದ ಅಂತ ನಂಗೆ ತೆರಿಯಲೆ" ಎಂದರು ಅತ್ತೆ. ತಿಳಿಯಲಿಲ್ಲ ಎನ್ನುವುದಕ್ಕೆ ಅವರ ಬಾಯಲ್ಲಿ ತಮಿಳೇ ಬರುತ್ತದೆ. "ಅಕ್ಕುಂಗೆ ಗೊತ್ತಿರ್ತದೆ. ಅವ್ಳ ಕಡೀಕೆ ಮೊಕ ಮಾಡಿದ್ದ ಅಂತ ಒಂದೊಂದ್ಕಿತ ಅನ್ಸುತ್ತೆ. ನಾನು ಕೇಳ್ನಿಲ್ಲ. ಅವ್ಳೂ ಯೋಳ್ನಿಲ್ಲ. ಆಮ್ಯಾಕೆ ಮದ್ವೆ ಆಯ್ತು, ಮಕ್ಳಾದೋ."

"ಈಗ ಕೇಳಿ ಅತ್ತೆ" ಎಂದೆ.

"ಕೇಳ್ತೀನಿ ಕಣವ್ವ. ಈ ಸನಿ ಫೋನು ನಿಂತ್ಕಂಡ್ರೆ."

ಅಲ್ಲಿಂದಾಚೆಗೆ ನಮ್ಮ ಬೆಳಗು ಹೀಗೆ ಸಾಗಿತು. ಕಾಲ್ ಸೇರುತ್ತದೆ. ಮುನಿಯಮ್ಮ ಅಂಗೈ ಇಳಿಸುತ್ತಾರೆ. ಅತ್ತೆ, "ಊ ಕಣಕ್ಕ, ಪುಟ್ಟನೇ, ನಂಗೂ ಗ್ಯಾಪಕ ಐತೆ" ಎಂದು ಶುರುಮಾಡುತ್ತಾರೆ. ಅವನು ಬೇವಿನಹಣ್ಣು ಆರಿಸಿ ತಿನ್ನುತ್ತಿದ್ದುದು, ಮರಿಕುರಿಯ ಕಿವಿ ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದುದು, ಮೀಸೆಯಿದ್ದವರನ್ನು ಕಂಡರೆ ಅಳುತ್ತಿದ್ದುದು. ಹೇಳುತ್ತ ಹೇಳುತ್ತ ಕೊನೆಯ ಜ್ವರದ ಹತ್ತಿರ ಬರುತ್ತಾರೆ. "ಅಕ್ಕ, ಅವತ್ತು ಅವ್ನು..." ಎನ್ನುವಾಗ ಫೋನು ಕಪ್ಪಾಗುತ್ತದೆ. ಆ ಮಾತು ಪೂರ್ತಿಯಾದದ್ದೇ ಇಲ್ಲ. ಅತ್ತೆ ಕಪ್ಪು ಗಾಜನ್ನು ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದರು.

ನನಗೆ ಚಾರ್ಜರಿನ ಮೇಲೆ ಸಿಟ್ಟು ಬಂದದ್ದು ಆಗ.

ಅತ್ತೆಯ ಕಾಲಿನ ಎಕ್ಸ್‌ರೇ ತೋರಿಸಲು ಸೇಲಂಗೆ ಹೋದಾಗ ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೊಕ್ಕೆ. ಫೋನಿಗೆ ಬೇಗ ಚಾರ್ಜ್ ಆಗುವ ಚಾರ್ಜರ್ ಬೇಕು ಎಂದು ನನ್ನ ತಮಿಳಿನಲ್ಲಿ ಕೇಳಿದೆ. ಅಂಗಡಿಯವನು ತಲೆ ಎತ್ತದೆ, "ಎತ್ತನೆ ವಾಟ್?" ಎಂದ.

ಎತ್ತನೆ ಎಂದರೆ ಎಷ್ಟು ಎಂದು ಗೊತ್ತು. ಇಂಗ್ಲಿಷಿನಲ್ಲಿ ವಾಟ್ ಎಂದರೆ "ಏನು" ಎಂದು ಶಾಲೆಯಲ್ಲಿ ಓದಿದ್ದೆ. ಎಷ್ಟು ಏನು ಎಂದು ಕೇಳುತ್ತಿದ್ದಾನೆಂದುಕೊಂಡು, "ಒಂದು ಚಾರ್ಜರ್" ಎಂದೆ. ಅವನು ಮತ್ತೆ, "ವಾಟ್, ವಾಟ್" ಎಂದ. ನಾನು ಮತ್ತೆ, "ಚಾರ್ಜರ್, ಚಾರ್ಜರ್" ಎಂದೆ. ಕೊನೆಗೆ ಅವನಿಗೆ ದಣಿವಾಗಿ, ಇರುವುದರಲ್ಲೆಲ್ಲ ದೊಡ್ಡದನ್ನು ಎತ್ತಿಕೊಟ್ಟ. ಕೈಯಲ್ಲಿ ಹಿಡಿದರೆ ಸಣ್ಣ ಇಟ್ಟಿಗೆಯಷ್ಟು ಭಾರ. ಇಷ್ಟು ಭಾರವಿದ್ದ ಮೇಲೆ ಒಳಗೆ ಏನೋ ಇರಲೇಬೇಕೆಂದು ಸಮಾಧಾನವಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಅದನ್ನು ಬೋರ್ಡಿಗೆ ಚುಚ್ಚಿ, ಇದ್ದ ವೈರನ್ನೇ ಸೇರಿಸಿ ಫೋನಿಗೆ ಹಾಕಿದೆ. ಚಾರ್ಜಿಂಗ್ ಸ್ಲೋಲಿ.

ಅತ್ತೆ ನನ್ನ ಮುಖ ನೋಡಿದರು. ನಾನು ಬೋರ್ಡಿನ ಮುಖ ನೋಡಿದೆ.

ವೈರು ಗಿಡ್ಡವಾಯಿತೇನೋ, ಅತ್ತೆಗೆ ಕೈ ಎತ್ತಿ ನೋವಾಗುತ್ತಿದೆ, ಉದ್ದದ್ದು ತಂದರೆ ಎರಡೂ ಸರಿಹೋಗಬಹುದು ಎಂದು ನಂಗವಳ್ಳಿ ಸಂತೆಯಲ್ಲಿ ಕೆಂಪು ನೂಲು ಸುತ್ತಿದ ಉದ್ದನೆಯ ವೈರೊಂದನ್ನು ತಂದೆ. ನಡುಮನೆಯಿಂದ ಜಗಲಿಯವರೆಗೆ ಬರುವಷ್ಟು ಉದ್ದ. ಅದನ್ನು ಹಾಕಿದರೆ ಅಂಕಿ ಮೊದಲಿಗಿಂತ ಬೇಗ ಇಳಿಯಿತು. ಕರೆಂಟು ಅಷ್ಟು ದೂರ ನಡೆದು ಬರುವಷ್ಟರಲ್ಲಿ ಸುಸ್ತಾಗುತ್ತದೆ ಎಂದು ಅತ್ತೆ ಹೇಳಿದರು. ನಾನು ನಕ್ಕೆ. ಆಮೇಲೆ ವಿಚಾರಿಸಿದರೆ ಅದು ಹೆಚ್ಚುಕಡಿಮೆ ನಿಜವಂತೆ. ಸಣ್ಣ ಎಳೆಯ ವೈರು ಉದ್ದವಾದಷ್ಟೂ ದಾರಿಯಲ್ಲಿ ಕಳೆದುಹೋಗುತ್ತದಂತೆ. ಆಮೇಲೂ ಸಂತೆಯಿಂದ ವೈರು, ಚಾರ್ಜರು ತರುತ್ತಲೇ ಇದ್ದೆ, ಯಾವುದರಿಂದಲೂ ಅಂಕಿ ಏರಲಿಲ್ಲ. ಮತ್ತೆ ಗಿಡ್ಡ ವೈರಿಗೆ ಬಂದೆವು. ಅತ್ತೆ ಮತ್ತೆ ಹಣೆಯ ಮಟ್ಟಕ್ಕೆ ಕೈ ಎತ್ತಿದರು.

ಒಂದು ಬೆಳಿಗ್ಗೆ ಫೋನು ಕಪ್ಪಾದ ಮೇಲೆ ಸೆಲ್ವಿ ನನ್ನ ಗುಂಡಿ ಫೋನಿಗೆ ಮಾಡಿದಳು. "ಏನಕ್ಕಾ, ಡೈಲೀ ಇಪ್ಪಿಡಿ ಕಟ್ ಆಯ್ತದೆ? ದೊಡ್ಡತ್ತೆ ಅಳ್ತಾವ್ರೆ ಇಲ್ಲಿ."

ನಾನು ನನ್ನ ಕಷ್ಟವನ್ನೆಲ್ಲ ಹೇಳಿದೆ. ಇಟ್ಟಿಗೆಯಷ್ಟು ದೊಡ್ಡ ಚಾರ್ಜರು ತಂದದ್ದನ್ನೂ ಹೇಳಿದೆ.

"ಚಾರ್ಜರ್ ದೊಡ್ದಾದ್ರೆ ಆಗಲ್ಲಕ್ಕಾ. ವೈರೂ ಸರಿಯಾ ಇರ್ಬೇಕು. ಚಾರ್ಜರೂ ಫೋನೂ ವೈರೊಳ್ಗೆ ಪೇಸ್ಕೊಳ್ತಾವೆ. ಎಷ್ಟು ಕೊಡ್ಲಿ ಅಂತ ಇದು ಕೇಳ್ತದೆ, ಇಷ್ಟು ಕೊಡು ಅಂತ ಅದು ಏಳ್ತದೆ. ವೈರ್ ಬೇರೇದಾದ್ರೆ ಮಾತು ಓಗಲ್ಲ. ಆವಾಗ ಬಯಂದು ಬಯಂದು, ಎದ್ರಿಕೊಂಡಂಗೆ ಸೊಲ್ಪ ಸೊಲ್ಪ ಕೊಡ್ತದೆ."

"ಮಾತಾಡ್ತವಾ?"

"ಆಮಾಕ್ಕಾ. ನಿಮ್ ಫೋನ್ ಬಾಕ್ಸಲ್ಲಿ ಬಂದ ವೈರು ಎಲ್ಲಿ? ದಪ್ಪಾ ಇರ್ತದೆ, ಬಾಯೊಳ್ಗೆ ಆರೆಂಜ್ ಕಲರ್ ಇರ್ತದೆ. ಅದ್ನ ಆ ಬಾಕ್ಸ್ ಚಾರ್ಜರಿಗೇ ಹಾಕು." ವ್ಯಾನು ಬಂತೆಂದು ಇಟ್ಟುಬಿಟ್ಟಳು.

ನನಗೆ ತಲೆ ಇನ್ನಷ್ಟು ಕೆಟ್ಟಿತು. ಚಾರ್ಜರಿಗೂ ಫೋನಿಗೂ ಮಾತುಕತೆ ನಡೆಯುತ್ತದೆ ಎಂದರೆ ಅವು ಯಾವ ಭಾಷೆಯಲ್ಲಿ ಆಡುತ್ತವೆ, ನಾನು ಸೇಲಂನಿಂದ ತಂದದ್ದಕ್ಕೆ ಆ ಭಾಷೆ ಬರುವುದಿಲ್ಲವೇ? ಹೀಗೆಲ್ಲ ಯೋಚಿಸುತ್ತ, ಡಬ್ಬಿಯಲ್ಲಿ ಬಂದ ವೈರನ್ನು ಹುಡುಕಿದೆ. ಚಾರ್ಜರೇನೋ ಗೂಡಿನಲ್ಲೇ ಇತ್ತು. ವೈರಿಲ್ಲ. ಬೀರು, ಟ್ರಂಕು, ರಾಗಿ ಡ್ರಮ್ಮಿನ ಹಿಂದೆ, ಎಲ್ಲೂ ಇಲ್ಲ. ಮಾರನೆಯ ದಿನ ಗಂಡ ಬಂದಾಗ ಕೇಳಿದೆ.

"ಬಿಳೀದು, ದಪ್ಪ ವೈರು. ನೋಡಿದ್ದೀರಾ?"

ಅವರು ಹೊರಗೆ ಹೋಗಿ, ಜಗಲಿಯ ಮೇಲೆ ಇಟ್ಟಿದ್ದ ಕಂಬಳಿ ಸುರುಳಿಯನ್ನು ತಂದು ನನ್ನ ಮುಂದಿಟ್ಟರು. ಸುರುಳಿಯ ನಡುವಿಗೆ ಆ ವೈರನ್ನು ಸುತ್ತಿ ಗಂಟು ಹಾಕಿತ್ತು. ಬಿಳಿ ಹೋಗಿ ಕುರಿಯ ಬಣ್ಣ ಬಂದಿತ್ತು.

"ಇರಾದ್ರಲ್ಲಿ ಇದೇ ಗಟ್ಟಿಯಾಗಿತ್ತು" ಎಂದರು. "ಮಿಕ್ಕಿದ್ದೆಲ್ಲ ಸಣ್ಣವು. ಕಟ್ಟುದ್ರೆ ಕಿತ್ತೋಯ್ತವೆ."

ಅವರ ಲೆಕ್ಕ ತಪ್ಪಾಗಿರಲಿಲ್ಲ. ನಾನು ಗಂಟು ಬಿಚ್ಚಿದೆ. ಬಾಯೊಳಗೆ ಆರೆಂಜ್ ಬಣ್ಣ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿನಲ್ಲಿ ಒಣಗಿಸಿ, ಡಬ್ಬಿಯ ಚಾರ್ಜರಿಗೆ ಸೇರಿಸಿ ಫೋನಿಗೆ ಹಾಕಿದೆ. ತುದಿ ಒಳಗೆ ಹೋಗಿ ಕಚ್ಚಿಕೊಂಡಿತು. ಬೆರಳಲ್ಲಿ ಒತ್ತುವ ಕೆಲಸವಿಲ್ಲ. ಫೋನು ಒಮ್ಮೆ ನಡುಗಿ ಬೇರೆ ಮಾತು ಹೇಳಿತು. ಚಾರ್ಜಿಂಗ್ ರ್ಯಾಪಿಡ್ಲಿ. ರ್ಯಾಪಿಡ್ ಎಂದರೆ ಒಳ್ಳೆಯದೋ ಕೆಟ್ಟದ್ದೋ ತಟ್ಟನೆ ಹೊಳೆಯಲಿಲ್ಲ. ಅಂಕಿಯನ್ನೇ ನೋಡುತ್ತ ಕೂತೆ. ಏರುತ್ತಿತ್ತು. ಹಾಲು ಉಕ್ಕಿ ಬರುವ ಹಾಗೆ ಏರುತ್ತಿತ್ತು.

ಸುಮ್ಮನಿರಲಾರದೆ, ಸೇಲಂ ಇಟ್ಟಿಗೆಗೂ ಈ ವೈರು ಹಾಕಿ ನೋಡಿದೆ. ನಿಧಾನವೂ ಇಲ್ಲ, ಬೇಗವೂ ಇಲ್ಲ, ಬರಿಯ ಚಾರ್ಜಿಂಗ್ ಎಂದಿತು. ಯಾಕೆ ಹಾಗೆ ಎಂದು ನನ್ನನ್ನು ಕೇಳಬೇಡಿ. ಮತ್ತೆ ಡಬ್ಬಿಯ ಚಾರ್ಜರಿಗೇ ಬದಲಿಸಿದೆ. ನಮ್ಮವರು ಮುದ್ದೆ ಮುಗಿಸಿ ಮಜ್ಜಿಗೆಗೆ ಬರುವಷ್ಟರಲ್ಲಿ ಅಂಕಿ ಅರ್ಧ ದಾಟಿತ್ತು.

ವೈರು ಕಿತ್ತೆ. ಅವತ್ತೇ ಮೊದಲು, ಅತ್ತೆಯನ್ನು ಬೋರ್ಡಿನ ಕೆಳಗೆ ಕೂರಿಸಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂರಿಸಿ ಕಾಲನ್ನು ಮಣೆಯ ಮೇಲೆ ಇಟ್ಟೆ. ಕಾಲ್ ಸೇರಿಸಿ ಕೊಟ್ಟೆ. ವೈರಿಲ್ಲದಿದ್ದರೂ ಅತ್ತೆ ಅಭ್ಯಾಸಬಲದಿಂದ ಎರಡೂ ಕೈಯಲ್ಲಿ ಫೋನನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದರು.

ಆ ಕಡೆ ಮುನಿಯಮ್ಮ ದಿಂಬಿಗೆ ಒರಗಿ ಕೂತಿದ್ದರು. ಸೆಲ್ವಿ ಅವರ ಮುಂದೆ ಫೋನಿಟ್ಟು, ಎಂದಿನಂತೆ ಜಡೆ ಹಾಕಿಕೊಳ್ಳಲು ಹೋದಳು. ಮುನಿಯಮ್ಮ ಅಂಗೈ ಇಳಿಸಿದರು.

"ಊ ಕಣಕ್ಕ" ಎಂದು ಅತ್ತೆ ಶುರುಮಾಡಿದರು. "ಪುಟ್ಟ. ಕೇಳು ಇವತ್ತು. ಅವತ್ತು ಜರ ಬಂದಿತ್ತಲ್ಲ..."

ಮುನಿಯಮ್ಮ ಇನ್ನೂ ಜೋರಾಗಿ ಅಂಗೈ ಇಳಿಸಿದರು. ಅತ್ತೆ ನಿಲ್ಲಿಸಲಿಲ್ಲ. ಇವತ್ತು ಫೋನೂ ನಿಲ್ಲಲಿಲ್ಲ. ಅತ್ತೆ ಹೇಳುತ್ತಲೇ ಹೋದರು, ಮುನಿಯಮ್ಮ ಗಾಳಿಯನ್ನು ತಟ್ಟುತ್ತಲೇ ಹೋದರು. ಕೊನೆಗೆ ಅವರು ಹಾಸಿಗೆಯನ್ನೇ ಪಟಪಟ ಹೊಡೆದ ಸದ್ದಿಗೆ ಸೆಲ್ವಿ ಅರ್ಧ ಜಡೆಯಲ್ಲೇ ಓಡಿಬಂದು, ಮುನಿಯಮ್ಮನ ಹಿಂದಿನಿಂದ ಬಗ್ಗಿ ಫೋನು ನೋಡಿದಳು.

"ಅಕ್ಕಾ" ಎಂದಳು ನನ್ನನ್ನು ಕರೆದು, "ನಮ್ಗೆ ನಿಮ್ ಮನೆ ಓಡೇ ಕಾಣ್ತಾ ಐತೆ. ಚಿನ್ನತ್ತೆ ಎಲ್ಲಿ?"

ಓಡು ಎಂದರೆ ಹೆಂಚು, ಚಿನ್ನತ್ತೆ ಎಂದರೆ ಚಿಕ್ಕತ್ತೆ, ನಮ್ಮ ಅತ್ತೆ. ಆಗ ನಾನು ಫೋನಿನ ಮೂಲೆಯ ಸಣ್ಣ ಚೌಕವನ್ನು ನೋಡಿದೆ. ನಮ್ಮದೇ ಚಿತ್ರ ಅಲ್ಲಿ ಕಾಣುತ್ತದೆ. ಜಂತಿ, ಹೆಂಚು, ಕೆಳಗಿನ ಅಂಚಿನಲ್ಲಿ ಅತ್ತೆಯ ಬೈತಲೆಯ ಒಂದಷ್ಟು ಬಿಳಿಗೂದಲು. ಇಷ್ಟು ದಿನ ಬೋರ್ಡಿನ ಕೆಳಗೆ ನಿಂತು ನಾನು ಅಂಕಿಯನ್ನು ನೋಡಿದ್ದೆನೇ ಹೊರತು ಇದನ್ನು ನೋಡಿರಲಿಲ್ಲ. ಅತ್ತೆಗೆ ಅಷ್ಟು ಸಣ್ಣದು ಕಾಣುವುದೇ ಇಲ್ಲ.

"ಅತ್ತೆ, ಅವರು ಫೋನು ಕೆಳಗಿಳಿಸು ಅಂತ ಹೇಳ್ತಿದ್ದಾರೆ."

"ಏನು?"

"ಕೆಳಗೆ. ನಿಮ್ಮ ಮುಖ ಕಾಣ್ತಿಲ್ಲವಂತೆ. ಮೊದಲಿನಿಂದಲೂ ಕಂಡಿಲ್ಲ."

ಅತ್ತೆ ನನ್ನನ್ನು ನೋಡಿದರು, ಫೋನನ್ನು ನೋಡಿದರು. ನಾನೇ ಅವರ ಕೈ ಹಿಡಿದು ಎದೆಯ ಮಟ್ಟಕ್ಕೆ ಇಳಿಸಿ ಸ್ವಲ್ಪ ಓರೆ ಮಾಡಿದೆ. ಆ ಕಡೆ ಮುನಿಯಮ್ಮನ ಕೈ ನಿಂತಿತು. ಅವರ ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ಮಾತ್ರ ನೆಟ್ಟಗೆ ಬಂದು ಅತ್ತೆಯ ಮುಖದ ಮೇಲೆ ಕೂತಿತು.

"ಅಂಗಾರೆ ಪುಟ್ಟುನ್ನ ಕೇಳ್ನಿಲ್ವಾ ನೀನು?" ಎಂದರು ಅತ್ತೆ. ಅವರ ದನಿ ಮೊದಲ ಸಲ ತಗ್ಗಿತ್ತು. "ನಾನೇ ಸುಮ್ಕೆ ಅಷ್ಟೆಲ್ಲಾ..."

ಮುನಿಯಮ್ಮ ತಲೆಯನ್ನು ಇಲ್ಲ ಎನ್ನುವ ಹಾಗೂ ಆಡಿಸಿದರು, ಹೌದು ಎನ್ನುವ ಹಾಗೂ ಆಡಿಸಿದರು. ಯಾವುದೆಂದು ಗೊತ್ತಾಗಲಿಲ್ಲ. ಹೆಂಚು ನೋಡಿಕೊಂಡೇ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೇವಿನಹಣ್ಣು, ಮರಿಕುರಿಯ ಕಿವಿ, ಮೀಸೆ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಅವರು ಒರೆಸಿಕೊಳ್ಳಲಿಲ್ಲ.

ನನ್ನ ಗಂಡ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕೇಳಿಯೇಬಿಟ್ಟರು.

"ಅಕ್ಕ, ಅವ್ನು ಕೊನೇಗೆ ಕರ್ದುದ್ದು ಯಾರ್ನ?"

ಮುನಿಯಮ್ಮ ಬಹಳ ಹೊತ್ತು ಅಲ್ಲಾಡಲಿಲ್ಲ. ಕಾಲ್ ಸಿಕ್ಕಿಕೊಂಡಿತೇನೋ ಎಂದು ನಾನು ಅಂಕಿ ನೋಡಿದೆ, ಸಾಕಷ್ಟಿತ್ತು. ಆಮೇಲೆ ಅವರ ಎಡಗೈ ಮೆಲ್ಲಗೆ ಎದ್ದಿತು. ಈ ಸಲ ಅಂಗೈಯಲ್ಲ, ತೋರುಬೆರಳು. ಅದು ನೇರವಾಗಿ ನಮ್ಮ ಕಡೆಗೆ ಬಂತು, ಹತ್ತಿರ ಹತ್ತಿರ ಬಂದು ಗಾಜನ್ನೆಲ್ಲ ತುಂಬಿತು. ನಿನ್ನನ್ನು.

ಅತ್ತೆ ತಲೆ ಅಲ್ಲಾಡಿಸಿದರು. "ಇಲ್ಲ ಕಣಕ್ಕ. ನಿನ್ನ. ನಿನ್ ಕಡೀಕೇ ಮೊಕ ಮಾಡಿದ್ದ, ನಾ ನೋಡಿವ್ನಿ" ಎನ್ನುತ್ತ ತಮ್ಮ ಬೆರಳನ್ನೂ ಚಾಚಿ, ಅಕ್ಕನ ಬೆರಳಿನ ಮೇಲೆ ಒತ್ತಿದರು.

ಕಾಲ್ ಕಟ್ಟಾಯಿತು.

"ಚಾರ್ಜ್ ಓಯ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಬೇಕಾದಷ್ಟಿದೆ."

"ಮತ್ತೆ ಯಾಕೆ ನಿಂತೋಯ್ತು?"

ಅಷ್ಟರಲ್ಲಿ ಸೆಲ್ವಿಯ ಕಾಲ್ ಬಂತು. ಹಿಂದೆ ವ್ಯಾನಿನ ಹಾರನ್ ಕೇಳುತ್ತಿತ್ತು. "ಅಕ್ಕಾ, ದೊಡ್ಡತ್ತೆ ಬೆರಳು ಕೆಂಪು ಬಟನ್ ಮೇಲೆ ಬಿತ್ತೋ ಏನೋ ತೆರಿಯಲೆ. ನಾನ್ ನೋಡ್ನಿಲ್ಲ."

"ಇಲ್ಲಿ ಅತ್ತೇದೂ ಬಿತ್ತು" ಎಂದೆ. ಯಾರ ಬೆರಳು ಮೊದಲು ತಾಗಿತೆಂದು ನಾನೂ ನೋಡಿರಲಿಲ್ಲ.

ವ್ಯಾನು ಮತ್ತೆ ಹಾರನ್ ಹೊಡೆಯಿತು. "ಫೋನ್ ಇವತ್ತು ಇಲ್ಲೇ ಇಟ್ಬುಟ್ಟು ಓಯ್ತೀನಕ್ಕಾ" ಎಂದಳು. "ಪಕ್ಕದ ಮನೆಯೋರು ಒತ್ತಿ ಕೊಡ್ತಾರೆ."

ನನ್ನ ಗಂಡ ಬುತ್ತಿ ಹೆಗಲಿಗೆ ಹಾಕಿಕೊಂಡು ಫೋನಿಗೆ ಕೈ ಚಾಚಿದರು. ಅತ್ತೆ ಅದನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡಿದ್ದರು, ಕೊಡಲಿಲ್ಲ. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಗೂಡಿನಲ್ಲಿದ್ದ ನನ್ನ ಗುಂಡಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರಿಗಳ ಕಡೆ ಹೊರಟರು.